ಲಾಸ್ ಏಂಜಲೀಸಿನ ಮಹಾಭಿತ್ತಿ: ಒಂದು ಚಾರಿತ್ರಿಕ ಪರಿಶೀಲನೆ

ಭಿತ್ತಿಚಿತ್ರವು ಬಹುಕಾಲ ಒಡೆಯರ ಕಲೆಯಾಗಿತ್ತು. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯಲ್ಲಿ ವಿದ್ಯಾರಣ್ಯರದೆಂದು ಹೇಳಲಾಗುವ ಮೆರವಣಿಗೆಯನ್ನು ಕಂಡವರು ಪಲ್ಲಕ್ಕಿಯಲ್ಲಿ ಕುಳಿತವರಾರೆಂದು ಕೇಳುತ್ತಾರೆ. ಹೊತ್ತವರಾರೆಂದು ಕೇಳುವವರು ವಿರಳ. ಹೊತ್ತವರ ಮಕ್ಕಳೇ ಕುಂಚ ಹಿಡಿದರೆ ಚರಿತ್ರೆಯ ಚಿತ್ರ ಹೇಗೆ ಬದಲಾದೀತು ಎಂಬ ಪ್ರಶ್ನೆಗೆ ಅಮೆರಿಕದ ಲಾಸ್ ಏಂಜಲೀಸ್ ನಗರದ ಒಂದು ಗೋಡೆಯು ಉತ್ತರ ಕೊಡುವಂತಿದೆ. ಅದನ್ನೇ ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

ಆ ನಗರದಲ್ಲಿ ಇಂತಹ ಚಿತ್ರಗಳಿಗೆ ಒಂದು ಕಹಿಯಾದ ಪೂರ್ವಪ್ರಸಂಗವುಂಟು. 1932ರಲ್ಲಿ ಮೆಕ್ಸಿಕೋದ ಕಲಾವಿದ ಸಿಕೇರೋಸ್ ಅವರು ಓಲ್ವೇರಾ ಬೀದಿಯ ಕಟ್ಟಡವೊಂದರ ಮೇಲೆ 'ಅಮೇರಿಕಾ ತ್ರೋಪಿಕಾಲ್' ಎಂಬ ಚಿತ್ರವನ್ನು ಬರೆದರು. ಬರೆಯಿಸಿದವರು ನಿರೀಕ್ಷಿಸಿದ್ದುದು ಉಷ್ಣವಲಯದ ಸಮೃದ್ಧಿಯನ್ನು. ಮೂಡಿದ್ದು ಹದ್ದಿನ ಕೆಳಗೆ ಶಿಲುಬೆಗೇರಿದ ಮೂಲನಿವಾಸಿಯ ದೇಹ. ಕೆಲವೇ ವರ್ಷಗಳಲ್ಲಿ ಅದರ ಮೇಲೆ ಬಿಳಿಯ ಬಣ್ಣ ಬಳಿಯಲಾಯಿತು. ಅದು ಮತ್ತೆ ಸಾರ್ವಜನಿಕರ ವೀಕ್ಷಣೆಗೆ ತೆರೆದುದು 2012ರಲ್ಲಿ.

1974ರಲ್ಲಿ ಸೇನೆಯ ಇಂಜಿನಿಯರುಗಳ ವಿಭಾಗವು ತುಹಂಗಾ ಎಂಬ ನೆರೆಗಾಲುವೆಯ ಕಾಂಕ್ರೀಟು ಗೋಡೆಯನ್ನು ಅಂದಗೊಳಿಸುವ ಬಗ್ಗೆ ಜೂಡಿತ್ ಬಾಕಾ ಅವರನ್ನು ಸಂಪರ್ಕಿಸಿತು. ಮೆಕ್ಸಿಕನ್ ಮೂಲದ ಈ ಕಲಾವಿದೆ ಅಲಂಕಾರಕ್ಕೆ ಬದಲಾಗಿ ಕ್ಯಾಲಿಫೋರ್ನಿಯದ ಚರಿತ್ರೆಯನ್ನೇ ಆರಿಸಿಕೊಂಡರು. 1976ರ ಬೇಸಗೆಯಲ್ಲಿ ಕೆಲಸ ಆರಂಭವಾಯಿತು. ನ್ಯಾಯಾಲಯದ ಮೆಟ್ಟಿಲೇರಿದ್ದ ಹುಡುಗರು, ಬಡ ಕೇರಿಗಳ ಹುಡುಗಿಯರು, ಪರಸ್ಪರ ವೈರವಿದ್ದ ಬೀದಿಗಳವರು ಕೂಲಿ ಪಡೆದು ಒಟ್ಟಾಗಿ ದುಡಿದರು. ವಿದ್ವಾಂಸರಿಂದ ಪಾಠ ಕೇಳಿ, ಹಿರಿಯರ ನೆನಪುಗಳನ್ನು ಸಂಗ್ರಹಿಸಿ, ಆಮೇಲೆ ಬಣ್ಣ ಹಚ್ಚಿದರು. 1983ರವರೆಗಿನ ಐದು ಬೇಸಗೆಗಳಲ್ಲಿ ನಾನೂರಕ್ಕೂ ಮಿಕ್ಕ ಜನರ ಶ್ರಮದಿಂದ 2,754 ಅಡಿಗಳ ಚಿತ್ರವು ಸಿದ್ಧವಾಯಿತು.

ಮೊದಲ ಬೇಸಗೆಯ ಭಾಗವನ್ನು ಬೇರೆಬೇರೆ ಕಲಾವಿದರು ತಂತಮ್ಮ ರೀತಿಯಲ್ಲಿ ರಚಿಸಿದ್ದರಿಂದ ಅದು ತುಂಡುತುಂಡಾಗಿ ತೋರುತ್ತದೆ. 1978ರ ನಂತರದ ಭಾಗದಲ್ಲಿ ಒಂದೇ ಯೋಜನೆಯ ಓಟವಿದೆ. ಕಲೆಯೆಂಬ ನೆಲೆಯಲ್ಲಿ ಇದೇ ಮೇಲೆಂದು ನಮ್ಮ ಮತ.

ಪಠ್ಯಪುಸ್ತಕಗಳು ಹಾದುಹೋಗುವೆಡೆಯಲ್ಲಿ ಈ ಗೋಡೆಯು ನಿಲ್ಲುತ್ತದೆ. 1781ರಲ್ಲಿ ನಗರವನ್ನು ಸ್ಥಾಪಿಸಿದ 44 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆಫ್ರಿಕದ ರಕ್ತಸಂಬಂಧವಿತ್ತು; ಆ ಸ್ಥಾಪಕರು ಇಲ್ಲಿದ್ದಾರೆ. 1930ರ ದಶಕದಲ್ಲಿ ಗಡೀಪಾರಾದ ಮೆಕ್ಸಿಕನ್ ಮೂಲದವರು ಇದ್ದಾರೆ. ಅವರಲ್ಲಿ ಅನೇಕರು ಅಮೆರಿಕದಲ್ಲಿಯೇ ಹುಟ್ಟಿದ ಪ್ರಜೆಗಳಾಗಿದ್ದರೆಂಬುದನ್ನು ಮರೆಯಬಾರದು. 1942ರಿಂದ ಶಿಬಿರಗಳಲ್ಲಿ ಕೂಡಿಹಾಕಲ್ಪಟ್ಟ ಜಪಾನೀ ಮೂಲದವರಿದ್ದಾರೆ. ಎಲ್ಲಕ್ಕಿಂತ ತೀಕ್ಷ್ಣವಾದುದು ಚಾವೇಸ್ ರವೀನಿನ ದೃಶ್ಯ. ಬಡವರಿಗೆ ಮನೆ ಕಟ್ಟುವುದಾಗಿ ಹೇಳಿ 1950ರ ದಶಕದಲ್ಲಿ ಅಲ್ಲಿನ ಕೇರಿಗಳನ್ನು ಬರಿದುಮಾಡಲಾಯಿತು. ಮನೆಗಳು ಏಳಲಿಲ್ಲ; 1962ರಲ್ಲಿ ಬೇಸ್‌ಬಾಲ್ ಕ್ರೀಡಾಂಗಣವು ತೆರೆಯಿತು. ಚಿತ್ರದಲ್ಲಿ ಆ ಕ್ರೀಡಾಂಗಣವು ಆಕಾಶದಿಂದ ಇಳಿಯುವ ಅನ್ಯಲೋಕದ ವಾಹನದಂತಿದೆ. ಹೆದ್ದಾರಿಗಳು ಕುಟುಂಬಗಳನ್ನು ಸೀಳಿಕೊಂಡು ಹರಿದಿವೆ.

ಇದನ್ನು ಆಕರವಾಗಿ ಬಳಸುವಾಗ ಎಚ್ಚರ ಅಗತ್ಯ. 1781ಕ್ಕಾಗಲಿ 1942ಕ್ಕಾಗಲಿ ಈ ಗೋಡೆಯು ಮೂಲಸಾಕ್ಷ್ಯವಲ್ಲ. 1976ರಿಂದ 1983ರವರೆಗೆ ಆ ನಗರದ ಕಡೆಗಣಿತರು ತಮ್ಮ ಗತವನ್ನು ಹೇಗೆ ಗ್ರಹಿಸಿದರೆಂಬುದಕ್ಕೆ ಮಾತ್ರ ಇದಕ್ಕಿಂತ ಉತ್ತಮ ಸಾಕ್ಷ್ಯ ದೊರೆಯುವುದು ಕಷ್ಟ. ಚಿತ್ರವು ಸುಂದರವೇ ಅಲ್ಲವೇ ಎಂಬ ಚರ್ಚೆಯಲ್ಲಿ ಈ ಅಂಶವು ಮರೆಯಾಗುತ್ತಿರುವುದು ಶೋಚನೀಯ.

ಬಿಸಿಲಿಗೂ ನೀರಿಗೂ ಮಾಸಿದ್ದ ಗೋಡೆಯನ್ನು 2011ರಲ್ಲಿ ಜೀರ್ಣೋದ್ಧಾರ ಮಾಡಲಾಯಿತು. ಸುಣ್ಣ ಬಳಿದ ನಗರದ ಈ ಚಿತ್ರವು 2017ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಯನ್ನು ಸೇರಿತು. 1950ರ ದಶಕಕ್ಕೆ ನಿಂತಿದ್ದ ಕಥನವನ್ನು ಮುಂದಿನ ದಶಕಗಳಿಗೆ ವಿಸ್ತರಿಸಲು 2021ರಲ್ಲಿ ಮೆಲನ್ ಪ್ರತಿಷ್ಠಾನವು 50 ಲಕ್ಷ ಡಾಲರುಗಳ ನೆರವನ್ನು ಘೋಷಿಸಿತು.