ಮನೆಮಾತು, ಪೇಟೆಮಾತು, ಪಾಠದ ಮಾತು: ಬಂಟ್ವಾಳ ಸೀಮೆಯಲ್ಲಿ ಭಾಷೆ ಕಲಿಸುವ ಆಟಗಳು ಬೆಳೆದ ದಾರಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನ ಯಾವ ಹಳ್ಳಿಯ ಸರಕಾರಿ ಶಾಲೆಗೆ ಹೋದರೂ ಒಂದನೇ ತರಗತಿಯಲ್ಲಿ ಹಾಜರಿಗೆ ಉತ್ತರ ಕನ್ನಡದಲ್ಲಿ ಸಿಗುತ್ತದೆ. ಪಕ್ಕದವನ ಹತ್ತಿರ ರಬ್ಬರ್ ಕೇಳುವಾಗ ಮಾತು ತುಳುವಿಗೆ ಹೊರಳುತ್ತದೆ. ಆ ತುಳುವೂ ಎಲ್ಲ ಮಕ್ಕಳ ಮನೆಮಾತಲ್ಲ. ಬಂಟ್ವಾಳದ ಕಡೆ ಬ್ಯಾರಿ, ಕೊಂಕಣಿ, ಹವಿಗನ್ನಡದ ಮನೆಗಳಿವೆ. ಬೆಳ್ತಂಗಡಿಯ ಮಲೆಗಳ ತಪ್ಪಲಲ್ಲಿ ಚಿತ್ಪಾವನಿ ಮರಾಠಿ ಆಡುವವರಿದ್ದಾರೆ; ಕೇರಳದಿಂದ ಬಂದು ನೆಲೆಸಿದ ಮಲಯಾಳ ಮಾತಿನ ಕುಟುಂಬಗಳು ಎಷ್ಟಿವೆಯೆಂದರೆ 1999ರಲ್ಲಿ ಬೆಳ್ತಂಗಡಿಗೆಂದೇ ಸೀರೋ ಮಲಬಾರ್ ಧರ್ಮಪ್ರಾಂತ ಸ್ಥಾಪನೆಯಾಯಿತು. ಇಷ್ಟೆಲ್ಲ ಮಕ್ಕಳ ಕೈಗೆ ಸಿಗುವ ಕನ್ನಡ ಪುಸ್ತಕದ ಮೇಲೆ ‘ಪ್ರಥಮ ಭಾಷೆ’ ಎಂದು ಅಚ್ಚಾಗಿರುತ್ತದೆ. ಮಗು ಕನ್ನಡವನ್ನು ಮನೆಯಿಂದಲೇ ತಂದಿದೆ ಎಂಬ ಲೆಕ್ಕದಲ್ಲಿ ಪಾಠ ಶುರುವಾಗುತ್ತದೆ. ಆ ಲೆಕ್ಕ ಇಲ್ಲಿ ಎಂದೂ ಸರಿಹೊಂದಿದ್ದಿಲ್ಲ. ಅದಕ್ಕೇ ಈ ಸೀಮೆಯಲ್ಲಿ ಹಾಡು, ಕಥೆ, ಆಟ, ನಾಟಕಗಳ ಮೂಲಕ ಭಾಷೆ ಕಲಿಸುವ ಯತ್ನಗಳು ಬೇರೆಡೆಗಿಂತ ಬೇಗ ಹುಟ್ಟಿಕೊಂಡವು ಎಂದು ನಾನು ನಂಬಿದ್ದೇನೆ.

ಇದರ ಮೊದಲ ಅಧ್ಯಾಯವನ್ನು ಸಾಮಾನ್ಯವಾಗಿ ಬಾಸೆಲ್ ಮಿಶನ್ನಿನಿಂದ ಬರೆಯುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳು ಶಾಲೆ ತೆರೆದರು, ಅಚ್ಚುಕೂಟ ಹಾಕಿದರು, ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚುಮಾಡಿದರು. ಮ್ಯಾನರ್‌ನ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ, ಕಿಟೆಲ್‌ನ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದವು. ದೊಡ್ಡ ಕೆಲಸಗಳೇ, ಆದರೆ ಅವು ಮುಖ್ಯವಾಗಿ ಹೊರಗಿನಿಂದ ಬಂದ ದೊಡ್ಡವರು ಇಲ್ಲಿನ ಭಾಷೆ ಕಲಿಯಲು ಮಾಡಿಕೊಂಡ ಸಲಕರಣೆಗಳು. ಇಲ್ಲಿನ ಮಗುವಿನ ನಾಲಗೆಯನ್ನು ಗಮನಿಸಿ ಬರೆದವರು ಬಂಟ್ವಾಳದಲ್ಲೇ ಹುಟ್ಟಬೇಕಾಯಿತು.

ಪಂಜೆ ಮಂಗೇಶರಾಯರು ಹುಟ್ಟಿದ್ದು 1874ರಲ್ಲಿ, ಬಂಟ್ವಾಳದಲ್ಲಿ. ಮನೆಮಾತು ಕೊಂಕಣಿ, ಊರಮಾತು ತುಳು, ಬರೆದದ್ದು ಕನ್ನಡ. ಅಧ್ಯಾಪಕರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ತರಗತಿಯಿಂದ ತರಗತಿಗೆ ತಿರುಗಿದ ಅವರಿಗೆ ಮಕ್ಕಳು ಎಲ್ಲಿ ತಡವರಿಸುತ್ತಾರೆ, ಎಲ್ಲಿ ಬಾಯಿಬಿಟ್ಟು ನಗುತ್ತಾರೆ ಎಂಬುದು ಗೊತ್ತಿತ್ತು. ‘ನಾಗರ ಹಾವೆ’ ಪದ್ಯವನ್ನು ಎಲ್ಲರೂ ನೆನೆಯುತ್ತಾರೆ. ಭಾಷೆ ಕಲಿಸುವವರು ಅದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯನ್ನು. ಅದು ಸರಪಣಿ ಕಥೆ. ಸಿಗಡಿಯಿಂದ ಹೊರಟ ಪ್ರಶ್ನೆ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗುತ್ತದೆ. ಪ್ರತಿಯೊಬ್ಬರೂ ತಪ್ಪನ್ನು ಮುಂದಿನವರ ಮೇಲೆ ಹೊರಿಸುತ್ತಾರೆ. ಪ್ರಶ್ನೆಯ ಅಚ್ಚು ಒಂದೇ, ಕ್ರಿಯಾಪದ ಮಾತ್ರ ಬದಲಾಗುತ್ತದೆ. ತರಗತಿಯನ್ನು ವೃತ್ತವಾಗಿ ಕೂರಿಸಿ, ಒಂದೊಂದು ಮಗುವಿಗೆ ಒಂದೊಂದು ಪಾತ್ರ ಕೊಟ್ಟು ಈ ಕಥೆ ಆಡಿಸಿದವರಿಗೆ ಗೊತ್ತು: ಮೂರನೇ ಸುತ್ತಿಗೆ ಬರುವಾಗ ಮಕ್ಕಳು ‘ಯಾಕೆ ಬರಲಿಲ್ಲ’, ‘ಯಾಕೆ ಕೊಡಲಿಲ್ಲ’ ಎಂದು ತಾವೇ ಹೊಸ ವಾಕ್ಯ ಕಟ್ಟತೊಡಗುತ್ತಾರೆ. ಮನೆಯಲ್ಲಿ ತುಳುವಿನ ‘ಬತ್ತಿಜಿ’ (ಬರಲಿಲ್ಲ) ಎನ್ನುವ ಮಗು ಕನ್ನಡದ ನಿಷೇಧರೂಪವನ್ನು ವ್ಯಾಕರಣದ ಹೆಸರೇ ಎತ್ತದೆ ಕಲಿತುಬಿಡುತ್ತದೆ. ಇಂದಿನ ಭಾಷಾ ಬೋಧನೆಯ ಪುಸ್ತಕಗಳು ಅಭ್ಯಾಸದ ವಿನ್ಯಾಸ ಎಂದು ಏನನ್ನು ಕರೆಯುತ್ತವೋ ಅದು ಆ ಕಥೆಯೊಳಗೇ ಇದೆ.

ಪಂಜೆಯವರ ಇನ್ನೊಂದು ಕೊಡುಗೆಯನ್ನು ನಾವು ಅಷ್ಟಾಗಿ ಎಣಿಸಿಲ್ಲ. ತುಳು ಪಾಡ್ದನದ ಕೋಟಿ ಚೆನ್ನಯರನ್ನು ಅವರು ಕನ್ನಡ ಗದ್ಯಕ್ಕೆ ತಂದರು. ತುಳುವ ಮಕ್ಕಳಿಗೆ ತಮ್ಮ ಮನೆಯ ವೀರರು ಶಾಲೆಯ ಭಾಷೆಯಲ್ಲಿ ಸಿಕ್ಕರು. ತುಳು ಬಾರದ ಕನ್ನಡಿಗರಿಗೆ ಪಕ್ಕದ ಸೀಮೆಯ ಬದುಕಿನ ಪರಿಚಯವಾಯಿತು. ಪರಸಂಸ್ಕೃತಿಯ ತಿಳಿವಳಿಕೆ ಎಂಬ ಮಾತು ಶಿಕ್ಷಣದ ಚರ್ಚೆಗೆ ಬರುವ ಎಷ್ಟೋ ದಶಕ ಮೊದಲು ನಡೆದ ಕೆಲಸ ಇದು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರಾಗಿ ಕೂರಿಸಿದ್ದು, ಮಕ್ಕಳಿಗಾಗಿ ಬರೆಯುವುದೂ ಸಾಹಿತ್ಯವೇ ಎಂದು ನಾಡು ಒಪ್ಪಿದ ಹಾಗೆ. ನೆರೆಯ ಪುತ್ತೂರಿನ ಬಾಲವನದಲ್ಲಿ ಅದೇ ಕಾಲಕ್ಕೆ ಶಿವರಾಮ ಕಾರಂತರು ಮಕ್ಕಳ ಕುಣಿತ, ನಾಟಕ, ಆಟಗಳ ಪ್ರಯೋಗ ನಡೆಸುತ್ತಿದ್ದರು.

ಶಾಲೆಯ ಹೊರಗೆ, ಯಾರೂ ಬೋಧನಾ ಕ್ರಮ ಎಂದು ಗುರುತಿಸದೆಯೇ, ಇನ್ನೂ ದೊಡ್ಡದೊಂದು ಪಾಠಶಾಲೆ ನಡೆದಿತ್ತು. ಅದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಅಲ್ಲೇ ಹುಟ್ಟಿದ ಮಾತಿನಲ್ಲಿ ವಾದಿಸುತ್ತಾರೆ. ಬರೆದುಕೊಟ್ಟ ಸಂಭಾಷಣೆ ಇರುವುದಿಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವವರು ರಾತ್ರಿಯಿಡೀ ಇಂಗ್ಲಿಷ್ ಬೆರೆಯದ ಕನ್ನಡದಲ್ಲಿ ಕೃಷ್ಣನಾಗಿ, ಭೀಷ್ಮನಾಗಿ, ವಾಲಿಯಾಗಿ ಮಾತಾಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಿ ಬೆಳೆದ ಹಳ್ಳಿಯ ಹುಡುಗನಿಗೆ ವಾದ ಕಟ್ಟುವ ಕನ್ನಡ ಕಿವಿಯಿಂದಲೇ ಬಂತು. ಇಲ್ಲಿ ಕಲಿಕೆ ಆಗುವುದು ಏಕೆಂದರೆ ಎದುರಿನವನು ಏನು ಹೇಳುತ್ತಾನೆ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಕೇಳಿಸಿಕೊಳ್ಳದಿದ್ದರೆ ಉತ್ತರಿಸಲಾಗದು. ಕಂಠಪಾಠಕ್ಕೂ ಸಂವಾದಕ್ಕೂ ಇರುವ ಅಂತರ ಇದೇ, ಮತ್ತು ನಮ್ಮ ಶಾಲೆಗಳ ಅನೇಕ ಸ್ಪರ್ಧೆಗಳು ಇವತ್ತಿಗೂ ಮೊದಲನೆಯದರಲ್ಲೇ ನಿಂತಿವೆ.

ಬಂಟ್ವಾಳ ತಾಲೂಕಿನ ಮಂಚಿಯ ಬಾಬುಕೋಡಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಈ ಕೇಳುವ-ಹೇಳುವ ಜಾಣ್ಮೆಯನ್ನು ಮಕ್ಕಳ ರಂಗಭೂಮಿಗೆ ಒಯ್ದರು. ಅವರು ಮೊದಲು ಬಣ್ಣ ಹಚ್ಚಿದ್ದೇ ಎಳೆಯ ಹುಡುಗನಾಗಿದ್ದಾಗ, ಊರಿನ ನಾಟಕವೊಂದರಲ್ಲಿ. ರವೀಂದ್ರನಾಥ ಠಾಕೂರರ ಗಿಳಿಯ ಕಥೆಯಿಂದ ಬಂದ ‘ಪಂಜರ ಶಾಲೆ’ ಅವರ ಕೈಯಲ್ಲಿ ಕನ್ನಡದ ಮಕ್ಕಳ ನಾಟಕವಾಯಿತು. ಓದಿಸುವ ಹೆಸರಿನಲ್ಲಿ ಗಿಳಿಯ ಬಾಯಿಗೆ ಕಾಗದ ತುರುಕುವ ಆ ಕಥೆಯನ್ನು ಮಕ್ಕಳೇ ಹಾಡಿ ಕುಣಿದರು. ಅವರ ಪತ್ನಿ ಪ್ರೇಮಾ ಕಾರಂತರು ಶಾಲಾ ಶಿಕ್ಷಕಿಯಾಗಿದ್ದ ಅನುಭವದಿಂದಲೇ ಮಕ್ಕಳ ರಂಗಭೂಮಿಗೆ ಬಂದು, 1970ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿದರು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಿಂದ ಹಿಡಿದು ಕರಾವಳಿಯ ಬೇಸಿಗೆ ಶಿಬಿರಗಳವರೆಗೆ ಈ ಬೀಜ ಹರಡಿದೆ.

ಅದೇ ಹೊತ್ತಿಗೆ ದಕ್ಷಿಣ ಭಾರತದಲ್ಲಿ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಯೋಜನೆ ಲೋಕದ ಭಾಷಾ ಬೋಧನೆಯಲ್ಲಿ ‘ಬೆಂಗಳೂರು ಯೋಜನೆ’ ಎಂದೇ ಹೆಸರಾಯಿತು. ವ್ಯಾಕರಣ ಕಲಿಸುವ ಬದಲು ಮಗುವಿಗೆ ಬಿಡಿಸಬೇಕಾದ ಕೆಲಸವೊಂದನ್ನು ಕೊಡಿ, ಭಾಷೆ ಆ ಕೆಲಸದ ಜತೆಗೆ ಬರುತ್ತದೆ ಎಂಬುದು ಅದರ ತಿರುಳು. ರೈಲು ವೇಳಾಪಟ್ಟಿ, ನಕ್ಷೆಗಳೇ ಪಾಠದ ಸಾಮಗ್ರಿ. ಅದರ ಒಂದು ಬಗೆಯ ಚಟುವಟಿಕೆಯಲ್ಲಿ ಒಬ್ಬನಲ್ಲಿ ಇರುವ ಮಾಹಿತಿ ಇನ್ನೊಬ್ಬನಲ್ಲಿ ಇರಬಾರದು. ಇದ್ದರೆ ಮಾತಾಡುವ ಅಗತ್ಯವೇ ಬೀಳದು. ಇದನ್ನು ನಮ್ಮ ಸೀಮೆಗೆ ಒಗ್ಗಿಸುವುದು ಕಷ್ಟವೇನಲ್ಲ. ಬಂಟ್ವಾಳದ ಬಿ.ಸಿ. ರೋಡಿನಿಂದ ಧರ್ಮಸ್ಥಳಕ್ಕೂ ಮೂಡುಬಿದಿರೆಗೂ ಬಸ್ಸುಗಳಿವೆ. ಒಂದು ಮಗುವಿನ ಕೈಗೆ ಬಸ್ಸುಗಳ ಹೊತ್ತು, ಇನ್ನೊಂದರ ಕೈಗೆ ‘ಅಜ್ಜಿಮನೆಗೆ ಸಂಜೆ ಐದರೊಳಗೆ ಮುಟ್ಟಬೇಕು’ ಎಂಬ ಚೀಟಿ ಕೊಟ್ಟರೆ ಸಾಕು, ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ಗತಿಯಿಲ್ಲ. ಕನ್ನಡಕ್ಕೂ ಇಂಗ್ಲಿಷಿಗೂ ಈ ಆಟ ನಡೆಯುತ್ತದೆ.

ಸರಕಾರಿ ಶಾಲೆಗಳ ಒಳಗೆ ನಿಜವಾದ ತಿರುವು ತಂದದ್ದು ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿ ಬಂದ ಶಿಕ್ಷಕರೇ ಕೂತು ಕಾರ್ಡುಗಳನ್ನು ಬರೆದರು. 2009-10ರಿಂದ ಅದು ರಾಜ್ಯವಿಡೀ ಹರಡಿತು. ಅಆಇಈ ಎಂಬ ಸಾಲು ಬಿಟ್ಟು ‘ರ ಗ ಸ ದ ಅ’ ಎಂದು ಅಕ್ಷರ ಶುರುಮಾಡುವುದೇ ಅದರ ಚಂದ. ಐದೇ ಅಕ್ಷರಕ್ಕೆ ಮಗು ಸರ, ದರ, ಅರಸ, ಗರಗಸ ಎಂದು ಓದಿಬಿಡುತ್ತದೆ. ಮೊದಲ ವಾರಗಳಲ್ಲೇ ‘ನನಗೆ ಓದಲು ಬರುತ್ತದೆ’ ಎಂಬ ಧೈರ್ಯ ಹುಟ್ಟುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ, ನೆಲದ ಮೇಲೆ ಗುಂಪು ತಟ್ಟೆಗಳು. ಒಂದು ತಟ್ಟೆಯ ಸುತ್ತ ಶಿಕ್ಷಕಿ ಕೂರುತ್ತಾರೆ, ಇನ್ನೊಂದರಲ್ಲಿ ಸಹಪಾಠಿಯೇ ಕಲಿಸುತ್ತಾನೆ. ತುಳುನಾಡಿನ ತರಗತಿಯಲ್ಲಿ ಈ ಸಹಪಾಠಿ ತಟ್ಟೆಗೆ ವಿಶೇಷ ಬೆಲೆ ಇದೆ. ‘ಗರಗಸ’ ಅಂದರೇನು ಎಂದು ತಿಳಿಯದ ಬ್ಯಾರಿ ಮಗುವಿಗೆ ಪಕ್ಕದ ಗೆಳೆಯ ಕೈಯಲ್ಲಿ ಕೊಯ್ದು ತೋರಿಸಿ ತುಳುವಿನಲ್ಲಿ ಹೇಳುತ್ತಾನೆ. ಶಿಕ್ಷಕರು ಗದರಿಸದಿದ್ದರೆ ಅಲ್ಲೊಂದು ಮೂರು ಭಾಷೆಯ ಪಾಠ ತಾನಾಗಿ ನಡೆಯುತ್ತದೆ. ಮಕ್ಕಳ ಮನೆಮಾತುಗಳು ತರಗತಿಯ ಸಂಪನ್ಮೂಲ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದೂ ಇದನ್ನೇ. ಕಾರ್ಡುಗಳ ಕೊರತೆ ಏನೆಂದರೆ, ಅವು ಇಡೀ ರಾಜ್ಯಕ್ಕೆ ಒಂದೇ ಅಚ್ಚಿನವು. ಕರಾವಳಿಯ ಮಗುವಿನ ತೋಟ, ಹೊಳೆ, ಕಂಬಳ, ನೇಮ ಅವುಗಳಲ್ಲಿ ವಿರಳ. ಶಿಕ್ಷಕರಿಗೆ ಊರಿನ ಕಾರ್ಡು ಬರೆಯುವ ಸ್ವಾತಂತ್ರ್ಯವೂ ಸಮಯವೂ ಸಿಗಬೇಕು. ಹೆಗ್ಗಡದೇವನಕೋಟೆಯಲ್ಲಿ ಕೆಲಸ ಶುರುವಾದದ್ದೇ ಹಾಗೆ.

ತುಳು ಶಾಲೆಯ ಒಳಗೆ ಬಂದದ್ದು ತಡವಾಗಿ. 1994ರಲ್ಲಿ ತುಳು ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. 2010-11ರಿಂದ ಆರನೇ ತರಗತಿ ಮತ್ತು ಅದರ ಮೇಲಿನವರಿಗೆ ತುಳು ಐಚ್ಛಿಕ ತೃತೀಯ ಭಾಷೆಯಾಯಿತು. ಕೊಂಕಣಿಗೂ ಇಂಥದೇ ಅವಕಾಶವಿದೆ. ಮನೆಯಲ್ಲಿ ಆಡುವ ಭಾಷೆಯನ್ನು ಹನ್ನೊಂದು ವರ್ಷವಾದ ಮೇಲೆ, ಅದೂ ಮೂರನೆಯದಾಗಿ ಕಲಿಯುವುದು ತಿರುಗುಮುರುಗಾದ ಕ್ರಮ. ಆದರೂ ಆ ತರಗತಿಗಳಲ್ಲಿ ಒಳ್ಳೆಯ ಆಟಕ್ಕೆ ಬೇಕಾದ ಸರಕು ರಾಶಿ ಇದೆ. ಎದುರುಕತೆಗಳು ಒಗಟಿನ ರೂಪದಲ್ಲೇ ಪ್ರಶ್ನೋತ್ತರ. ಚೆನ್ನೆಮಣೆಯ ಹದಿನಾಲ್ಕು ಗುಳಿಗಳಲ್ಲಿ ಕಾಯಿ ಹಾಕುತ್ತಾ ಎಣಿಸಿದರೆ ಎಣಿಕೆ ಬಾಯಿಗೆ ಬರುತ್ತದೆ. ಒಂದು ಬದಿಯವರು ತುಳುವಿನಲ್ಲಿ, ಇನ್ನೊಂದು ಬದಿಯವರು ಕನ್ನಡದಲ್ಲೋ ಬ್ಯಾರಿಯಲ್ಲೋ ಎಣಿಸಬೇಕು ಎಂಬ ನಿಯಮ ಹಾಕಿದರಂತೂ ಅದು ಭಾಷೆಗಳ ಆಟವೇ ಆಗುತ್ತದೆ.

ಈಗ ಎಲ್ಲೆಲ್ಲೂ ಕಾಣುವುದು ‘ಆಟಿಡೊಂಜಿ ದಿನ’ (ಆಟಿ ತಿಂಗಳಲ್ಲೊಂದು ದಿನ), ‘ಕೆಸರ್ಡೊಂಜಿ ದಿನ’ (ಕೆಸರಿನಲ್ಲೊಂದು ದಿನ). ಪತ್ರೊಡೆ, ತಜಂಕಿನ ಪಲ್ಯ, ಆಟಿ ಕಳೆಂಜ, ಗದ್ದೆಯಲ್ಲಿ ಓಟ. ಮಕ್ಕಳಿಗೆ ಅದು ಸಂಭ್ರಮ, ನನಗೂ ಇಷ್ಟವೇ. ಆದರೆ ಹೆಚ್ಚಿನ ಕಡೆ ಅದು ಸ್ಟಾಲು, ಫೋಟೋ, ಭಾಷಣದಲ್ಲಿ ಮುಗಿಯುತ್ತದೆ. ಆಟಿಯ ಅಮಾವಾಸ್ಯೆಯಂದು ಹಾಲೆ ಮರದ ಕಷಾಯ ಯಾಕೆ ಕುಡಿಯುತ್ತಾರೆ ಎಂದು ಬ್ಯಾರಿ ಮನೆಯ ಮಗು ತುಳುವ ಗೆಳತಿಯ ಅಜ್ಜಿಯನ್ನು ಕೇಳಿ ಬರಲಿ. ನೋಂಬು ತೆರೆಯುವಾಗ ಮನೆಯಲ್ಲಿ ಏನೇನು ಮಾಡುತ್ತಾರೆ ಎಂದು ಆ ಗೆಳತಿ ಇವಳ ಉಮ್ಮನನ್ನು ಕೇಳಿ ಬರಲಿ. ಇಬ್ಬರೂ ಬಂದು ತರಗತಿಯಲ್ಲಿ ಕನ್ನಡದಲ್ಲಿ ಹೇಳಲಿ. ಖರ್ಚು ಏನೂ ಇಲ್ಲ. ಮನೆಗಳ ನಡುವೆ ಹೋಗಿಬರುವುದು ಕಡಿಮೆಯಾಗುತ್ತಿರುವ ನಮ್ಮ ಜಿಲ್ಲೆಗೆ ಇದಕ್ಕಿಂತ ತುರ್ತಿನ ಪಾಠ ನನಗೆ ಕಾಣುತ್ತಿಲ್ಲ. ಬಿ.ಸಿ. ರೋಡ್ ಬಳಿ ಡಾ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಹಳೆಯ ಮನೆಬಳಕೆಯ ವಸ್ತುಗಳ ಸಂಗ್ರಹವಿದೆ. ಅಲ್ಲಿಗೂ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗಿ ತೋರಿಸಿ ತರುವ ಬದಲು, ಒಂದು ವಸ್ತು ಆರಿಸಿಕೊಂಡು ಅದರ ಹೆಸರು, ಬಳಕೆಯನ್ನು ಮನೆಯ ಹಿರಿಯರಿಂದ ಕೇಳಿ ಬರೆಯಲು ಹೇಳಬಹುದು.

ಮೂಡುಬಿದಿರೆಯ ದಾರಿ ಬೇರೆ. 2003ರಲ್ಲಿ ಅಲ್ಲಿ ನಡೆದ 71ನೇ ಕನ್ನಡ ಸಾಹಿತ್ಯ ಸಮ್ಮೇಳನದ ನಂತರ ಡಾ. ಎಂ. ಮೋಹನ ಆಳ್ವರು 2004ರಲ್ಲಿ ಆಳ್ವಾಸ್ ನುಡಿಸಿರಿ ಎಂಬ ಸಾಹಿತ್ಯ-ಸಂಸ್ಕೃತಿ ಸಮ್ಮೇಳನ ಆರಂಭಿಸಿದರು. ಅವರ ಆಳ್ವಾಸ್ ಶಿಕ್ಷಣ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ಈಶಾನ್ಯ ರಾಜ್ಯಗಳ ಮಕ್ಕಳೂ ಓದುತ್ತಾರೆ. ಮಣಿಪುರದ ಕುಣಿತವೂ ಬಡಗುತಿಟ್ಟಿನ ಯಕ್ಷಗಾನವೂ ಒಂದೇ ವೇದಿಕೆ ಏರುತ್ತವೆ. 2022ರ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ಸ್ಕೌಟ್ಸ್-ಗೈಡ್ಸ್ ಸಾಂಸ್ಕೃತಿಕ ಜಾಂಬೂರಿ ನಡೆದದ್ದೂ ಅಲ್ಲೇ. ಇಷ್ಟು ಭಾಷೆಯ ಮಕ್ಕಳನ್ನು ಒಂದೆಡೆ ಸೇರಿಸುವುದು ಸಣ್ಣ ಸಾಧನೆಯಲ್ಲ. ಆದರೆ ವೇದಿಕೆ ದೊಡ್ಡದಾದಷ್ಟೂ ಮಗು ಪ್ರದರ್ಶನ ಕೊಡುತ್ತದೆ, ಎದುರಿನವರು ಚಪ್ಪಾಳೆ ತಟ್ಟುತ್ತಾರೆ. ಪ್ರಶ್ನೆಗೆ ಜಾಗ ಉಳಿಯುವುದು ಊಟದ ಸಾಲಿನಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ. ಧರ್ಮಸ್ಥಳದಲ್ಲಿ 1933ರಿಂದ ಲಕ್ಷದೀಪೋತ್ಸವದ ಹೊತ್ತಿಗೆ ನಡೆಯುತ್ತಿರುವ ಸರ್ವಧರ್ಮ ಸಮ್ಮೇಳನಕ್ಕೂ ಈ ಮಾತು ಅನ್ವಯ. ಬೇರೆ ಬೇರೆ ಧರ್ಮದವರು ಒಂದೇ ವೇದಿಕೆಯಲ್ಲಿ ಮಾತಾಡುವುದನ್ನು ಕೇಳಿದ ಪೀಳಿಗೆಗಳಿಗೆ ಅದು ಎಷ್ಟು ಕೊಟ್ಟಿದೆ ಎಂದು ಬಲ್ಲವರು ಬಲ್ಲರು. ಅದರ ಪಕ್ಕಕ್ಕೆ ಮಕ್ಕಳು ಮಾತಾಡುವ ಚಾವಡಿಯೊಂದು ಬೇಕು.

ಅಂಥದೊಂದು ಮಾದರಿ ರಾಜ್ಯದಲ್ಲಿ ಇದೆ. ಭಾರತ ಜ್ಞಾನ ವಿಜ್ಞಾನ ಸಮಿತಿಯ ಮಕ್ಕಳ ಹಬ್ಬಗಳಲ್ಲಿ ‘ಅತಿಥಿ-ಆತಿಥೇಯ’ ಎಂಬ ಏರ್ಪಾಡು ಬಳಕೆಯಲ್ಲಿತ್ತು. ಬೇರೆ ಊರಿನ ಮಗು ಆತಿಥೇಯ ಮಗುವಿನ ಮನೆಯಲ್ಲೇ ಉಳಿಯುತ್ತದೆ, ಅವರ ಜತೆ ಉಣ್ಣುತ್ತದೆ, ಮಲಗುತ್ತದೆ. ಶಿಕ್ಷಣ ಇಲಾಖೆಯ ಕಲಿಕಾ ಹಬ್ಬದಲ್ಲೂ ‘ಊರು ತಿಳಿಯೋಣ’ ಎಂಬ ಚಟುವಟಿಕೆ ಮಕ್ಕಳನ್ನು ಬೀದಿಗೆ ಕರೆದೊಯ್ದು ಜನರನ್ನು ಮಾತಾಡಿಸಲು ಕಲಿಸಿತು. ಯಕ್ಷಧ್ರುವ ಪಟ್ಲ ಫೌಂಡೇಶನ್ ಶಾಲೆಗಳಲ್ಲಿ ನಡೆಸುವ ಯಕ್ಷ ಶಿಕ್ಷಣದಲ್ಲಿ ಹೆಜ್ಜೆಯ ಜತೆ ಮಾತುಗಾರಿಕೆಗೂ ಪಾಲು ಹೆಚ್ಚಾದರೆ, ಹತ್ತು ವರ್ಷದ ಮಗುವೂ ಪುಟ್ಟದೊಂದು ಪ್ರಸಂಗಕ್ಕೆ ತನ್ನದೇ ಅರ್ಥ ಹೇಳಬಲ್ಲದು.

ಮಕ್ಕಳಷ್ಟೇ ಇಲ್ಲಿ ಹೊಸ ಭಾಷೆ ಕಲಿಯುವವರಲ್ಲ. ಬಾಗಲಕೋಟೆ, ವಿಜಯಪುರ, ರಾಯಚೂರಿನ ಕಡೆಯಿಂದ ನೇಮಕವಾಗಿ ಬೆಳ್ತಂಗಡಿಯ ಕಾಡಂಚಿನ ಶಾಲೆಗೆ ಬರುವ ಶಿಕ್ಷಕಿಯರಿಗೆ ತುಳು ಬರುವುದಿಲ್ಲ. ಮಕ್ಕಳಿಗೆ ಅವರ ಉತ್ತರ ಕರ್ನಾಟಕದ ಕನ್ನಡ ಹೊಸದು. ಚೆನ್ನಾಗಿ ನಡೆಯುವ ತರಗತಿಗಳಲ್ಲಿ ಒಂದು ಪದ್ಧತಿ ತಾನಾಗಿ ಬೆಳೆದಿದೆ: ದಿನಕ್ಕೊಂದು ತುಳು ಮಾತನ್ನು ಮಕ್ಕಳು ಟೀಚರಿಗೆ ಕಲಿಸುತ್ತಾರೆ, ಟೀಚರು ತಪ್ಪಿದರೆ ತಿದ್ದುತ್ತಾರೆ, ಪ್ರತಿಯಾಗಿ ಟೀಚರು ರೊಟ್ಟಿ ಬಡಿಯುವ ಊರಿನ ಮಾತೊಂದನ್ನು ಕೊಡುತ್ತಾರೆ. ಹೊಸದಾಗಿ ನೇಮಕವಾದವರಿಗೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ ತರಬೇತಿಯಲ್ಲೇ ಇದನ್ನು ಒಂದು ಚಟುವಟಿಕೆಯಾಗಿ ಸೇರಿಸಬೇಕು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅದು ನಡೆಯಬೇಕು, ಮಕ್ಕಳು ಇನ್ನೂ ಅವರಿಗೆ ಹೆದರಲು ಕಲಿಯುವ ಮೊದಲು.