ಪದಚ್ಛೇದದಿಂದ ಪರೀಕ್ಷೆಯವರೆಗೆ: ಕನ್ನಡದಲ್ಲಿ ಪಠ್ಯಕಾವ್ಯವನ್ನು ಓದಿದ ಬಗೆ

ಮದರಾಸು ಪ್ರಾಂತದ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ಸ್ಥಿತಿಗತಿಯನ್ನು ಕುರಿತು ವಿಚಾರಣೆ ನಡೆಸಲು ಆಜ್ಞೆ ಮಾಡಿದಾಗ ಜಿಲ್ಲೆಗಳಿಂದ ಬಂದ ಉತ್ತರಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಬರೆದ ವರದಿಯು ಕನ್ನಡ ಓದುಗರಿಗೆ ವಿಶೇಷವಾಗಿ ಮುಖ್ಯವಾದುದು. ಆ ಜಿಲ್ಲೆಯಲ್ಲಿ ಆಗ ಇದ್ದ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಎಲ್ಲ ಶಾಲೆಗಳಲ್ಲಿ ಸೇರಿ ಓದುತ್ತಿದ್ದವರು 6,641 ಮಂದಿ. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ, ಅನಂತರ ಹಲಗೆಗೆ ಅಥವಾ ಕಡತಕ್ಕೆ, ಎಂದರೆ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಪುಸ್ತಕದಂತೆ ಮಡಿಸಿದ ಬಟ್ಟೆಗೆ, ಬಳಪದಿಂದ ಬರೆಯುತ್ತಿದ್ದುದನ್ನೂ, ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವದ ಗುರುತಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದುದನ್ನೂ, ರಾಮಾಯಣ, ಮಹಾಭಾರತ, ಭಾಗವತಗಳ ಜೊತೆಗೆ ಬಸವ ಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವ ಪುರಾಣ ಮೊದಲಾದ ಕಾವ್ಯಗಳು ಪಾಠದಲ್ಲಿದ್ದುದನ್ನೂ ಆತ ವಿವರವಾಗಿ ದಾಖಲಿಸಿದ್ದಾನೆ.

ಆದರೆ ಅದೇ ವರದಿಯಲ್ಲಿ ಕಟುವಾದ ಮಾತೊಂದಿದೆ. ಹುಡುಗರು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರೂ ಅವುಗಳ ಅರ್ಥವನ್ನು ಅರಿಯರು, ಕಾವ್ಯದ ಭಾಷೆ ಆಡುನುಡಿಗಿಂತ ಬಹಳ ಬೇರೆಯಾದುದರಿಂದ ಅನೇಕ ಕಡೆ ಉಪಾಧ್ಯಾಯನೂ ಅದನ್ನು ಬಿಡಿಸಿ ಹೇಳಲಾರ, ಎಂಬುದು ಕ್ಯಾಂಪ್‌ಬೆಲ್ಲನ ದೂರು. ಇದನ್ನು ಪರಕೀಯನೊಬ್ಬನ ತಾತ್ಸಾರವೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಕಾರಣವನ್ನೂ ಆತನೇ ಕೊಟ್ಟಿದ್ದಾನೆ: ಅಮರಕೋಶ, ಶಬ್ದಮಣಿದರ್ಪಣ ಮೊದಲಾದ ನಿಘಂಟು ಮತ್ತು ವ್ಯಾಕರಣ ಗ್ರಂಥಗಳು ದುಬಾರಿಯಾದುದರಿಂದ ಶಾಲೆಗಳಲ್ಲಿ ಅವುಗಳ ಬಳಕೆ ತೀರ ಕಡಿಮೆಯಾಗಿತ್ತು. ಕಾವ್ಯ ಬಾಯಲ್ಲಿತ್ತು, ಆದರೆ ಅದನ್ನು ತೆರೆಯುವ ಕೀಲಿಕೈ ಬಡ ಐಗಳ, ಎಂದರೆ ಊರ ಉಪಾಧ್ಯಾಯರ, ಶಾಲೆಯಲ್ಲಿ ಇರಲಿಲ್ಲ. ಹಿಂದಿನವರೆಲ್ಲರೂ ಕಾವ್ಯವನ್ನು ಆಳವಾಗಿ ಓದುತ್ತಿದ್ದರು, ಅಚ್ಚಿನ ಕಾಲದವರು ಕೆಟ್ಟರು ಎಂಬ ಸುಲಭದ ನಂಬಿಕೆಗೆ ಈ ವರದಿಯಲ್ಲಿ ಆಧಾರ ಸಿಗುವುದಿಲ್ಲ.

ಆ ಕೀಲಿಕೈ ಇದ್ದುದು ಬೇರೆ ಕಡೆ. ದೇವಾಲಯದ ಜಗಲಿಯಲ್ಲಿ, ಮಠಗಳಲ್ಲಿ, ಉಳ್ಳವರ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಕಾವ್ಯವಾಚನದಲ್ಲಿ ಇಬ್ಬರು ಕೂಡುತ್ತಿದ್ದರು: ಪದ್ಯವನ್ನು ರಾಗಭಾವಗಳೊಡನೆ ಓದುವ ಗಮಕಿ, ಅದನ್ನು ಬಿಡಿಸಿ ಹೇಳುವ ವ್ಯಾಖ್ಯಾನಕಾರ. ಈ ವ್ಯಾಖ್ಯಾನದ ಹಿಂದೆ ಸಂಸ್ಕೃತ ಟೀಕಾಪರಂಪರೆಯಿಂದ ಬಂದ ಕ್ರಮವೊಂದಿತ್ತು. ಅದರ ಮೊದಲ ಹೆಜ್ಜೆ ಪದಚ್ಛೇದ, ಅಂದರೆ ಸಂಧಿಯಿಂದ ಕೂಡಿಕೊಂಡ ಪದಗಳನ್ನು ಬೇರ್ಪಡಿಸುವುದು. ಅನಂತರ ಅನ್ವಯ, ಅಂದರೆ ಛಂದಸ್ಸಿನ ಒತ್ತಾಯದಿಂದ ಚದುರಿದ ಪದಗಳನ್ನು ವಾಕ್ಯದ ಕ್ರಮಕ್ಕೆ ತರುವುದು. ಬಳಿಕ ಪ್ರತಿಪದಾರ್ಥ, ಎಂದರೆ ಒಂದೊಂದು ಪದಕ್ಕೂ ಅರ್ಥ ಹೇಳುವುದು. ಕಟ್ಟಕಡೆಗೆ ತಾತ್ಪರ್ಯ, ಇಡೀ ಪದ್ಯದ ಭಾವವನ್ನು ತನ್ನ ಮಾತಿನಲ್ಲಿ ಹೇಳುವುದು. ಇಂದಿನ ಸಾರಾಂಶವು ಈ ತಾತ್ಪರ್ಯದಿಂದಲೇ ಬಂದದ್ದು. ಆದರೆ ಅಲ್ಲಿ ಅದು ಮೂರು ಹೆಜ್ಜೆಗಳನ್ನು ದಾಟಿದವನಿಗೆ, ಅದೂ ಪದ್ಯ ಕಿವಿಯಲ್ಲಿ ಇನ್ನೂ ಮೊಳಗುತ್ತಿರುವಾಗಲೇ, ದಕ್ಕುತ್ತಿತ್ತು.

ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತವನ್ನು ತೆಗೆದುಕೊಂಡರೆ ಈ ಕ್ರಮದ ಅಗತ್ಯ ಸ್ಪಷ್ಟವಾಗುತ್ತದೆ. 34 ಸಂಧಿಗಳ ಈ ಕಾವ್ಯ ವಾರ್ಧಕ ಷಟ್ಪದಿಯಲ್ಲಿದೆ. ಆರು ಸಾಲುಗಳ ಈ ಪದ್ಯಜಾತಿಯಲ್ಲಿ ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳಿಗೆ ಐದು ಮಾತ್ರೆಗಳ ನಾಲ್ಕು ಗಣಗಳು, ಮೂರು ಮತ್ತು ಆರನೆಯ ಸಾಲುಗಳಿಗೆ ಅಂಥವೇ ಆರು ಗಣಗಳು ಮತ್ತು ಕೊನೆಯಲ್ಲೊಂದು ಗುರು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬ ಆದಿಪ್ರಾಸದ ನಿಯಮವೂ ಇದಕ್ಕೆ ಸೇರುತ್ತದೆ. ಹೀಗಾಗಿ ಕರ್ತೃಪದ ಎರಡನೆಯ ಸಾಲಿನಲ್ಲಿ, ಅದರ ವಿಶೇಷಣ ಐದನೆಯದರಲ್ಲಿ, ಕ್ರಿಯಾಪದ ಆರನೆಯದರ ತುದಿಯಲ್ಲಿ ಬರಬಹುದು. ಎಷ್ಟೋ ವೇಳೆ ಪದವೇ ಸಾಲಿನ ಕೊನೆಯಲ್ಲಿ ಒಡೆದು ಮುಂದಿನ ಸಾಲಿಗೆ ಹರಿಯುತ್ತದೆ. ಅನ್ವಯ ಮಾಡಿದ ಓದುಗನು ಕವಿ ಯಾವ ಪದವನ್ನು ಎಷ್ಟು ಹೊತ್ತು ತಡೆದಿಟ್ಟು ಎಲ್ಲಿ ಬಿಟ್ಟನೆಂಬುದನ್ನು ತಾನೇ ಕಾಣುತ್ತಾನೆ. ಕಥೆಯ ಸಾರವನ್ನಷ್ಟೇ ಓದಿದವನಿಗೆ ಈ ಕಾವ್ಯದಲ್ಲಿ ಬರುವ ಚಂದ್ರಹಾಸನ ಅದೃಷ್ಟ ತಿಳಿಯುತ್ತದೆ, ಲಕ್ಷ್ಮೀಶ ತಿಳಿಯುವುದಿಲ್ಲ.

ಓದಿನ ಸಾಮಗ್ರಿಯನ್ನು ಅಗ್ಗವಾಗಿಸಿದ್ದು ಅಚ್ಚುಯಂತ್ರ. ಆ ಉಪಕಾರ ದೊಡ್ಡದು. ವೆಸ್ಲಿಯನ್ ಮಿಷನರಿ ಡೇನಿಯಲ್ ಸ್ಯಾಂಡರ್ಸನ್ 1852ರಲ್ಲಿ ಬೆಂಗಳೂರಿನಲ್ಲಿ ಜೈಮಿನಿ ಭಾರತವನ್ನು ಅನುವಾದ, ಟಿಪ್ಪಣಿಗಳೊಡನೆ ಅಚ್ಚು ಹಾಕಿಸಿದನು. 1892ರಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಕಾವ್ಯಮಂಜರಿ ಎಂಬ ಪ್ರಕಟಣೆಯನ್ನು ಆರಂಭಿಸಿ ಓಲೆಗರಿಯಲ್ಲಿದ್ದ ಕಾವ್ಯಗಳನ್ನು ಬೆಳಕಿಗೆ ತಂದರು; 1894ರಲ್ಲಿ ಕಿಟೆಲ್ ನಿಘಂಟು ಹೊರಬಂದಿತು. ಬಳ್ಳಾರಿಯ ಐಗಳಿಗೆ ಎಟುಕದಿದ್ದ ಕೋಶವೂ ವ್ಯಾಕರಣವೂ ಹೀಗೆ ಸಾಮಾನ್ಯ ವಿದ್ಯಾರ್ಥಿಯ ಹತ್ತಿರಕ್ಕೆ ಬರತೊಡಗಿದ ಕಾಲದಲ್ಲಿಯೇ ಇನ್ನೊಂದು ಶಕ್ತಿ ಬೆಳೆಯಿತು: 1857ರಲ್ಲಿ ಸ್ಥಾಪನೆಯಾದ ಮದರಾಸು ಮತ್ತು ಮುಂಬಯಿ ವಿಶ್ವವಿದ್ಯಾಲಯಗಳ ಲಿಖಿತ ಪರೀಕ್ಷೆ. ಗೊತ್ತುಪಡಿಸಿದ ಭಾಗ, ಗೊತ್ತಾದ ಅವಧಿ, ಎದುರಿಗೆ ಪ್ರಶ್ನೆಪತ್ರಿಕೆ; ಸಾರಾಂಶ ಬರೆಯಿರಿ, ಸಂದರ್ಭ ವಿವರಿಸಿರಿ ಎಂಬ ಪ್ರಶ್ನೆಗಳು ವರ್ಷ ವರ್ಷವೂ ಮರಳಿ ಬರುವಾಗ, ಉತ್ತರವನ್ನು ಮೊದಲೇ ಬರೆದಿಟ್ಟು ಮಾರುವ ನೋಟ್ಸು, ಗೈಡುಗಳು ಹುಟ್ಟಿದುದು ಸಹಜವೇ. ತಾತ್ಪರ್ಯವು ಕೊನೆಯ ಹೆಜ್ಜೆಯ ಸ್ಥಾನವನ್ನು ಬಿಟ್ಟು ಮೊದಲ ಹೆಜ್ಜೆಯಾಯಿತು, ಬಹುಪಾಲು ವಿದ್ಯಾರ್ಥಿಗಳಿಗೆ ಅದೊಂದೇ ಹೆಜ್ಜೆಯಾಯಿತು. ಬಾಯಿಪಾಠ ಹೋಗಲಿಲ್ಲ, ಕವಿಯ ಪದ್ಯದ ಬದಲು ಅನಾಮಧೇಯನೊಬ್ಬನ ಗದ್ಯ ಬಾಯಿಗೆ ಬಂದಿತು. ಬಳ್ಳಾರಿಯ ಹುಡುಗನಿಗೆ ಅರ್ಥ ತಿಳಿಯದಿದ್ದರೂ ಕಾವ್ಯದ ಲಯವಾದರೂ ಉಳಿದಿತ್ತು ಎಂಬುದನ್ನು ನೆನೆದರೆ ಈ ನಷ್ಟದ ಗಾತ್ರ ಅರಿವಿಗೆ ಬರುತ್ತದೆ.

ಈ ಸ್ಥಿತಿಗೆ ಎದುರಾಗಿ ನಿಂತವರು ಮೈಸೂರು ವಿಶ್ವವಿದ್ಯಾಲಯದ ಮೊದಲ ತಲೆಮಾರಿನ ಕನ್ನಡ ಅಧ್ಯಾಪಕರು. 1916ರಲ್ಲಿ ಆರಂಭವಾದ ಆ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಕನ್ನಡ ಎಂ. ಎ. ತರಗತಿ ತೆರೆದಾಗ ಬಿ. ಎಂ. ಶ್ರೀಕಂಠಯ್ಯ, ಟಿ. ಎಸ್. ವೆಂಕಣ್ಣಯ್ಯ, ಎ. ಆರ್. ಕೃಷ್ಣಶಾಸ್ತ್ರಿ ಮೊದಲಾದವರು ಪಠ್ಯದ ಬದಿಗೆ ಏನನ್ನು ಇಡಬೇಕೆಂಬುದನ್ನು ಎಚ್ಚರದಿಂದ ಆಲೋಚಿಸಿದರು. ವಿಶ್ವವಿದ್ಯಾಲಯ ಪ್ರಕಟಿಸಿದ ಕನ್ನಡ ಕೈಪಿಡಿಯಲ್ಲಿ ವ್ಯಾಕರಣ, ಛಂದಸ್ಸು, ಅಲಂಕಾರ, ಭಾಷೆ ಮತ್ತು ಸಾಹಿತ್ಯದ ಚರಿತ್ರೆಗಳಿದ್ದವು. ಯಾವ ಕಾವ್ಯದ ಸಾರವನ್ನೂ ಕೊಡುವುದಕ್ಕಾಗಿ ಅದು ಹುಟ್ಟಿರಲಿಲ್ಲ, ಯಾವ ಕಾವ್ಯವನ್ನಾದರೂ ಓದಲು ಬೇಕಾದ ಸಲಕರಣೆಯನ್ನು ಅದು ಕೊಡುತ್ತಿತ್ತು. ದೊಡ್ಡ ಗ್ರಂಥವನ್ನು ಪೂರ್ತಿ ಓದಲಾಗದವರಿಗಾಗಿ ವೆಂಕಣ್ಣಯ್ಯ ಮತ್ತು ಕೃಷ್ಣಶಾಸ್ತ್ರಿಗಳು ರಾಘವಾಂಕನ ಕಾವ್ಯದಿಂದ ಹರಿಶ್ಚಂದ್ರ ಕಾವ್ಯ ಸಂಗ್ರಹವನ್ನು ಸಿದ್ಧಪಡಿಸಿದರು. ಸಂಗ್ರಹವೆಂದರೆ ಆಯ್ದ ಪದ್ಯಗಳನ್ನು ಕವಿಯ ಮಾತಿನಲ್ಲಿಯೇ ಉಳಿಸಿಕೊಂಡು ಮಾಡಿದ ಕಿರುಗಾತ್ರ. ಸಾರಾಂಶಕ್ಕೂ ಇದಕ್ಕೂ ಇರುವ ಅಂತರವನ್ನು ಇಂದಿನ ಪಠ್ಯಪುಸ್ತಕ ಸಮಿತಿಗಳು ಮತ್ತೆ ಗಮನಿಸಬೇಕು.

ಇಂಥ ಸಲಕರಣೆ ಏಕೆ ಬೇಕೆಂಬುದಕ್ಕೆ ಎರಡು ಅಕ್ಷರಗಳ ಉದಾಹರಣೆ ಸಾಕು. ಹಳಗನ್ನಡದಲ್ಲಿ ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಅೞಿ ಎಂದರೆ ನಾಶವಾಗು, ಅಳಿ ಎಂದರೆ ದುಂಬಿ. ಱ ಮತ್ತು ೞ ಅಕ್ಷರಗಳು ಬಳಕೆಯಿಂದ ಬಿದ್ದುಹೋದ ಮೇಲೆ ಈ ಜೋಡಿಗಳು ಕಣ್ಣಿಗೆ ಒಂದೇ ಆಗಿ ಕಾಣುತ್ತವೆ. ಕ್ರಿ. ಶ. 941ರ ಪಂಪಭಾರತವನ್ನು ಓದುವವನು ಪ್ರತಿ ಕಡೆಯೂ ಯಾವ ಅಕ್ಷರ, ಯಾವ ಧಾತು, ಯಾವ ಅರ್ಥ ಎಂದು ಕೇಳಿಕೊಳ್ಳಬೇಕಾಗುತ್ತದೆ. ಡಿ. ಎಲ್. ನರಸಿಂಹಾಚಾರ್ಯರ ಪಂಪಭಾರತ ದೀಪಿಕೆ ಪದ್ಯ ಪದ್ಯವನ್ನೂ ಹಿಡಿದು ಇಂಥ ಪ್ರಶ್ನೆಗಳನ್ನು ಎತ್ತಿ ಬಗೆಹರಿಸುತ್ತದೆ. ಹಳೆಯ ಟೀಕಾಕಾರರ ಕ್ರಮಕ್ಕೆ ಇಪ್ಪತ್ತನೆಯ ಶತಮಾನದ ಶಾಸ್ತ್ರಶುದ್ಧಿ ಸೇರಿದರೆ ಏನಾಗಬಹುದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ಕನ್ನಡದಲ್ಲಿ ವಿರಳ.

ಪರೀಕ್ಷೆಯ ಹೊರಗೆ ಈ ಓದು ಜೀವಂತವಾಗಿ ಉಳಿದಿರುವ ಕಡೆಗಳಲ್ಲಿ ಕರಾವಳಿಯ ತಾಳಮದ್ದಳೆ ಮುಖ್ಯವಾದುದು. ವೇಷವಿಲ್ಲದೆ ಕುಳಿತು ನಡೆಸುವ ಈ ಯಕ್ಷಗಾನ ಪ್ರಕಾರದಲ್ಲಿ ಭಾಗವತರು ಪ್ರಸಂಗದ ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿ ಆ ಪದ್ಯದ ಪಾತ್ರವಾಗಿ ಆಗಲೇ ಮಾತು ಕಟ್ಟಬೇಕು. ಪ್ರಸಂಗಗಳು ಬಹುಮಟ್ಟಿಗೆ ತೊರವೆ ರಾಮಾಯಣ, ಕುಮಾರವ್ಯಾಸ ಭಾರತ, ಜೈಮಿನಿ ಭಾರತಗಳನ್ನು ಆಶ್ರಯಿಸಿ ಹುಟ್ಟಿದವಾದುದರಿಂದ ಒಳ್ಳೆಯ ಅರ್ಥಧಾರಿಗಳು, ಶಾಲೆಯ ಓದು ಹೆಚ್ಚಿಲ್ಲದವರೂ ಸೇರಿ, ಆ ಕಾವ್ಯಗಳನ್ನೇ ಹಿಡಿದು ಓದುತ್ತ ಬಂದಿದ್ದಾರೆ. ಎದುರಿನ ಪಾತ್ರ ಮೂಲದ ಒಂದು ಮಾತನ್ನು ಹಿಡಿದು ಪ್ರಶ್ನಿಸಿದಾಗ ಸಭೆಯ ಮುಂದೆ ಉತ್ತರ ಕೊಡಬೇಕಾದವನಿಗೆ ಕಥೆಯ ಸಾರ ಸಾಲುವುದಿಲ್ಲ.