63 ಸಂಖ್ಯೆಗಳಲ್ಲಿ ಒಂದು ಚಿತ್ರ

ಒಂದು ಗ್ರಾಫ್ ಹಾಳೆಯನ್ನೂ ಪೆನ್ಸಿಲನ್ನೂ ತೆಗೆದುಕೊಳ್ಳಿ. ಅಡ್ಡಸಾಲಿಗೆ 24 ಮನೆಗಳಂತೆ 21 ಸಾಲುಗಳ ಚೌಕಟ್ಟು ಹಾಕಿ. ಒಟ್ಟು 504 ಮನೆಗಳಾದವು. ಮನೆಗಳನ್ನು ತುಂಬುತ್ತಾ ಇದರೊಳಗೆ ಒಂದು ಹಕ್ಕಿಯನ್ನೋ ವಿಮಾನವನ್ನೋ ಬಿಡಿಸಿ. ಅರ್ಧ ಮನೆ ತುಂಬುವಂತಿಲ್ಲ, ಓರೆಗೆರೆ ಎಳೆಯುವಂತಿಲ್ಲ. 1980ರ ದಶಕದಲ್ಲಿ ಅಮೆರಿಕ ಮತ್ತು ಯುರೋಪಿನ ಎಷ್ಟೋ ಮನೆಗಳಲ್ಲಿ ನಿಮ್ಮ ವಯಸ್ಸಿನವರು ಕಂಪ್ಯೂಟರ್ ಚಿತ್ರಕಲೆಯನ್ನು ಆರಂಭಿಸಿದ್ದು ಹೀಗೆಯೇ, ಕಾಗದದ ಮೇಲೆ.

ಅವರ ಮುಂದಿದ್ದ ಯಂತ್ರಗಳಲ್ಲಿ ಹೆಸರಾದದ್ದು ಕಮೊಡೋರ್ 64. ಅದು 1982ರಲ್ಲಿ 595 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂತು. ಮುಂದೆ ಒಂದು ಕೋಟಿಗೂ ಮಿಗಿಲಾಗಿ ಮಾರಾಟವಾಯಿತು. ಹೆಸರಿನಲ್ಲಿರುವ 64 ಅದರ ಸ್ಮರಣಶಕ್ತಿಯ ಅಳತೆ: 64 ಕಿಲೋಬೈಟ್. ಬೇಸಿಕ್ ಭಾಷೆಯಲ್ಲಿ ಬರೆಯುವವರಿಗೆ ಅದರಲ್ಲಿ ಸಿಗುತ್ತಿದ್ದುದು 38,911 ಬೈಟ್ ಮಾತ್ರ. ಪರದೆ ಬೇರೆ ಇರಲಿಲ್ಲ. ಮನೆಯ ದೂರದರ್ಶನ ಪೆಟ್ಟಿಗೆಯೇ ಪರದೆ.

ಈ ಪರದೆಯ ಮೇಲೆ ಚಿತ್ರವೊಂದನ್ನು ಓಡಿಸುವುದು ಸುಲಭವಲ್ಲ. ಹಳೆಯ ಜಾಗದಲ್ಲಿ ಅಳಿಸಬೇಕು, ಹಿನ್ನೆಲೆಯನ್ನು ಮತ್ತೆ ತುಂಬಬೇಕು, ಹೊಸ ಜಾಗದಲ್ಲಿ ಬರೆಯಬೇಕು. ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಮಿಡಿತಗಳ ಆ ಸಂಸ್ಕಾರಕಕ್ಕೆ ಇದು ಭಾರವಾದ ಹೊರೆ. ಮಾಸ್ ಟೆಕ್ನಾಲಜಿ ಸಂಸ್ಥೆ ರೂಪಿಸಿದ ವಿಕ್-2 ಎಂಬ ಚಿಪ್ ಈ ಹೊರೆಯನ್ನು ತಾನು ಹೊತ್ತುಕೊಂಡಿತು. ದೂರದರ್ಶನದ ಒಂದೊಂದು ಗೆರೆಯನ್ನೂ ಮೂಡಿಸುವ ಹೊತ್ತಿನಲ್ಲೇ, ಹಿನ್ನೆಲೆಯನ್ನು ಮುಟ್ಟದೆ, ಪುಟ್ಟ ಚಿತ್ರವನ್ನು ಅದರ ಮೇಲೆ ತೇಲಿಸಿಬಿಡುತ್ತಿತ್ತು. ಇಂಥ ಚಿತ್ರಕ್ಕೆ ‘ಸ್ಪ್ರೈಟ್’ ಎಂದು ಹೆಸರು. ಇಂಗ್ಲಿಷಿನಲ್ಲಿ ಆ ಪದಕ್ಕೆ ಕಿನ್ನರ, ಯಕ್ಷಿಣಿ ಎಂಬ ಅರ್ಥವಿದೆ. ನೆಲಕ್ಕೆ ಕಾಲು ತಾಗಿಸದೆ ಓಡಾಡುವ ವಸ್ತುವಿಗೆ ಒಳ್ಳೆಯ ಹೆಸರೇ ಸರಿ.

ಈಗ ನಿಮ್ಮ ಗ್ರಾಫ್ ಹಾಳೆಗೆ ಮರಳೋಣ. ಪ್ರತಿ ಸಾಲಿನ 24 ಮನೆಗಳನ್ನು ಎಂಟೆಂಟರ ಮೂರು ಗುಂಪು ಮಾಡಿ. ಪ್ರತಿ ಗುಂಪಿನ ಮನೆಗಳಿಗೆ ಎಡದಿಂದ ಬಲಕ್ಕೆ 128, 64, 32, 16, 8, 4, 2, 1 ಎಂದು ಬೆಲೆ ಕೊಡಿ. ತುಂಬಿದ ಮನೆಗಳ ಬೆಲೆಯನ್ನಷ್ಟೇ ಕೂಡಿಸಿ. ಕಮೊಡೋರ್ ಕೈಪಿಡಿಯಲ್ಲಿ ಪಾಠಕ್ಕಾಗಿ ಕೊಟ್ಟಿದ್ದ ಬಲೂನಿನ ಮೊದಲ ಸಾಲು 0, 127, 0. ಅಂದರೆ ಎರಡು ಬದಿಯೂ ಖಾಲಿ, ನಡುವಿನ ಗುಂಪಿನಲ್ಲಿ ಮೊದಲ ಮನೆಯೊಂದನ್ನು ಬಿಟ್ಟು ಏಳೂ ಭರ್ತಿ. ಕೂಡಿಸಿ ನೋಡಿ, 127 ಬರುತ್ತದೆ. ಸಾಲಿಗೆ ಮೂರರಂತೆ 21 ಸಾಲಿಗೆ 63 ಸಂಖ್ಯೆಗಳು. ದ್ವಿಮಾನ ಪದ್ಧತಿಯನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠವನ್ನು ನಾನಂತೂ ಕಂಡಿಲ್ಲ.

ಈ ಸಂಖ್ಯೆಗಳನ್ನು ‘ಪೋಕ್’ ಎಂಬ ಆದೇಶದಿಂದ ಸ್ಮರಣೆಗೆ ತುಂಬಬೇಕು. ಬಳಿಕ 53248ನೆಯ ವಿಳಾಸಕ್ಕೆ ಅಡ್ಡದೂರ, 53249ಕ್ಕೆ ಎತ್ತರ ಬರೆದರೆ ಬಲೂನು ಅಲ್ಲಿಗೆ ಹಾರುತ್ತದೆ. ಒಂದು ತೊಡಕಿತ್ತು. ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯದು. ಪರದೆಯ ಅಗಲವೋ 320 ಚುಕ್ಕಿ. ಬಲೂನನ್ನು ಬಲಕ್ಕೆ ಓಡಿಸುತ್ತಾ 256 ಎಂದು ಬರೆದ ಹುಡುಗನಿಗೆ ‘ಇಲ್ಲೀಗಲ್ ಕ್ವಾಂಟಿಟಿ ಎರರ್’ ಎಂಬ ಗದರಿಕೆ ಕಾಣುತ್ತಿತ್ತು. ಮಿಕ್ಕ ಒಂದು ಬಿಟ್ಟನ್ನು 53264ರಲ್ಲಿ ಬೇರೆಯಾಗಿ ಬರೆಯಬೇಕೆಂದು ಆಗ ತಿಳಿಯುತ್ತಿತ್ತು. ಏಕಕಾಲಕ್ಕೆ ಎಂಟೇ ಸ್ಪ್ರೈಟ್ ಎಂಬುದು ಇನ್ನೊಂದು ಮಿತಿ. ಪರದೆಯ ಮೇಲ್ಭಾಗದಲ್ಲಿ ಮೂಡಿ ಮುಗಿದ ಸ್ಪ್ರೈಟನ್ನೇ ಕೆಳಭಾಗದಲ್ಲಿ ಮತ್ತೆ ಬಳಸಿ, ಆಟಗಳನ್ನು ಬರೆಯುವವರು ಎಂಟರ ಗಡಿಯನ್ನೂ ದಾಟಿದರು.

ಪತ್ರಿಕೆಗಳು ಆಗ ಆಟಗಳನ್ನು ಸಂಖ್ಯೆಗಳ ಸಾಲುಗಳಾಗಿಯೇ ಅಚ್ಚು ಹಾಕುತ್ತಿದ್ದವು. ಓದುಗರು ಗಂಟೆಗಟ್ಟಲೆ ಕುಳಿತು ಅವನ್ನು ಟೈಪು ಮಾಡುತ್ತಿದ್ದರು. ಒಂದು ಸಂಖ್ಯೆ ತಪ್ಪಿದರೂ ಚಿತ್ರ ವಿಕಾರ. ಇದನ್ನು ಕಂಡೇ ‘ಕಂಪ್ಯೂಟ್ಸ್ ಗೆಜೆಟ್’ ಪತ್ರಿಕೆ 1983ರಲ್ಲಿ ಪ್ರತಿ ಸಾಲನ್ನೂ ಲೆಕ್ಕಹಾಕಿ ಪರೀಕ್ಷಿಸುವ ಪುಟ್ಟ ಕ್ರಮವಿಧಿಯೊಂದನ್ನು ಕೊಟ್ಟಿತು.

ನಮ್ಮ ದೇಶದಲ್ಲಿ 1984-85ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಯಂತ್ರದಲ್ಲಿ ಸ್ಪ್ರೈಟ್ ಚಿಪ್ ಇರಲಿಲ್ಲ. ಆದರೆ ಎಂಟು ಸಾಲಿಗೆ ಎಂಟು ಸಂಖ್ಯೆ ಕೊಟ್ಟು ಹೊಸ ಅಕ್ಷರವನ್ನು ರೂಪಿಸುವ ಸೌಲಭ್ಯವಿತ್ತು. ಲೆಕ್ಕ ಅದೇ, 128ರಿಂದ 1.

ಕಮೊಡೋರ್ ಕಂಪನಿ 1994ರಲ್ಲಿ ದಿವಾಳಿಯಾಯಿತು. ಅಂದಿನ ಕ್ಯಾಸೆಟ್‌ಗಳ, ಫ್ಲಾಪಿಗಳ ಕಾಂತಲೇಪ ವರ್ಷ ಕಳೆದಂತೆ ಸವೆಯುತ್ತದೆ. ಅದರಲ್ಲಿದ್ದ ಚಿತ್ರವೂ ಹೋಗುತ್ತದೆ. ಅಚ್ಚಾದ 63 ಸಂಖ್ಯೆಗಳು ಮಾತ್ರ ಕಾಗದ ಇರುವವರೆಗೂ ಇರುತ್ತವೆ. ಇಂದು ಅಂತರಜಾಲದ ಬ್ರೌಸರಿನಲ್ಲೇ ತೆರೆದುಕೊಳ್ಳುವ ‘ಸ್ಪ್ರೈಟ್‌ಮೇಟ್’ನಂಥ ಸಂಪಾದಕಗಳಲ್ಲಿ ಅದೇ 24ಕ್ಕೆ 21ರ ಚೌಕಟ್ಟು ಕಾಣುತ್ತದೆ. ಮೌಸಿನಿಂದ ಮನೆ ತುಂಬಿದರೆ ಸಾಕು, ಕೂಡುವ ಲೆಕ್ಕವನ್ನು ಅದೇ ಮಾಡಿ ಸಂಖ್ಯೆಗಳನ್ನು ಸಾಲುಗಟ್ಟಿ ಕೊಡುತ್ತದೆ. ಅವನ್ನು ಹಳೆಯ ಯಂತ್ರಕ್ಕೂ ಉಣಿಸಬಹುದು.

ಒಂದು ಸಣ್ಣ ಸಂಗತಿ ಉಳಿಯಿತು. ವಿಕ್-2 ಪ್ರತಿ ಸ್ಪ್ರೈಟಿಗೂ 64 ಬೈಟ್ ಜಾಗ ಮೀಸಲಿಟ್ಟಿತ್ತು. ಚಿತ್ರಕ್ಕೆ ಬೇಕಾದದ್ದು 63. ಕೊನೆಯ ಬೈಟಿಗೆ ಕೆಲಸವೇ ಇರಲಿಲ್ಲ. ಆಮೇಲೆ ಬಂದ ‘ಸ್ಪ್ರೈಟ್‌ಪ್ಯಾಡ್’ ಎಂಬ ಸಂಪಾದಕ ತನ್ನ ಕಡತಗಳಲ್ಲಿ ಆ ಖಾಲಿ ಮನೆಯಲ್ಲಿ ಚಿತ್ರದ ಬಣ್ಣವನ್ನು ಗುರುತು ಹಾಕಿಡುತ್ತದೆ.